ಹುಂಜದ ಪುಕ್ಕ

ಹುಂಜದ ಬಾಲದ ಪುಕ್ಕವಷ್ಟೂ ಕರಿಯನ ಬಾಯಲ್ಲಿತ್ತು. ಓಬವ್ವ ಪೊರಕೆ ಹಿಡಿದು ಹಿತ್ತಿಲೆಲ್ಲ ಅಟ್ಟಾಡಿಸಿದರೂ ನಾಯಿ ಅದನ್ನು ಬಿಡಲಿಲ್ಲ. ಬಹುಮಾನ ಗೆದ್ದು ತಂದಂತೆ ಅವಳ ಮುಂದೆಯೇ ಬಾಲ ಅಲ್ಲಾಡಿಸುತ್ತ ನಿಂತಿತು. ಅವಳ ಪಿತ್ತ ನೆತ್ತಿಗೇರಿತು.

ಬೆಳಗಾಗುತ್ತಲೇ ಗಂಡ ಹುಲಿಯಪ್ಪನಿಗೆ ಕಡ್ಡಿ ಮುರಿದಂತೆ ಹೇಳಿದಳು: ಈ ಹಿತ್ತಿಲಲ್ಲಿ ಒಂದೋ ಕೋಳಿ ಇರಬೇಕು, ಇಲ್ಲವೇ ನಾಯಿ. ಕರಿಯ ಅವನ ಅಪ್ಪನ ನಾಯಿ. ನಂದಿಗುಡಿಯ ಕಣದಲ್ಲಿ ಅಪ್ಪನ ಜೊತೆ ಭತ್ತ ಕಾಯುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಕಂಡಕ್ಟರನ ಕೈಕಾಲು ಹಿಡಿದು ಬಸ್ಸಿನಲ್ಲಿ ದಾವಣಗೆರೆಗೆ ತಂದಿದ್ದ. ಬೆಳಗಿನ ಹೊತ್ತು ಕೋಳಿಗಳು ಬೆನ್ನ ಮೇಲೆ ಹತ್ತಿ ಇಳಿದರೂ ಅದು ಕಣ್ಣು ಬಿಡದು. ಸಂಜೆ ಅವುಗಳನ್ನು ಮಂಕರಿಯಡಿ ಮುಚ್ಚುವಾಗ ಮಾತ್ರ ದೆವ್ವ ಹೊಕ್ಕಂತೆ ಎಗರುತ್ತದಂತೆ. ಆ ಹೊತ್ತಿಗೆ ಅವನು ಗಿರಣಿಯ ಪಾಳಿಯಲ್ಲಿರುತ್ತಿದ್ದ, ಹೆಂಡತಿಯ ಮಾತು ನಂಬದೆ ವಿಧಿಯಿರಲಿಲ್ಲ. ರಜೆಯ ದಿನ ಹರಿಹರದ ಹೊಳೆ ದಾಟಿಸಿ ಬಿಟ್ಟು ಬರುವುದೆಂದು ಒಪ್ಪಿಕೊಂಡ.

ರಜೆಯ ದಿನವೂ ಬಂತು. ಕಂಡವರು ಕೇಳಿದರೆ ಏನು ಹೇಳುವುದೆಂಬ ನಾಚಿಕೆಗೆ ಸಂಜೆಯವರೆಗೂ ತಳ್ಳಿದ. ಕೊನೆಗೆ ಕರಿಯನ ಕೊರಳಿಗೆ ಹಗ್ಗ ಹಾಕಿದ. ಅದು ಅವನ ಕೈ ನೆಕ್ಕಿತು. ಅವನಿಗೆ ಅಳು ಬಂತು.

ಅತ್ತ ಓಬವ್ವ ಎಂದಿನಂತೆ ಬಾಯಿ ತುಂಬ ಎಲೆ-ಅಡಿಕೆ ಹಾಕಿಕೊಂಡು, ರಸ ಚೆಲ್ಲದಂತೆ ತುಟಿ ಮುಂದೆ ಮಾಡಿ, ಕೋಳಿಗಳನ್ನು ಅಟ್ಟತೊಡಗಿದಳು. "ಛೂ... ಛೂ..."

ಕರಿಯ ಹಗ್ಗ ಕಿತ್ತುಕೊಂಡು ನೆಗೆಯಿತು. ಬಾಲವಿಲ್ಲದ ಹುಂಜ ಹೆಂಚಿನ ಮೇಲೆ ಹಾರಿತು. ಹುಲಿಯಪ್ಪ ಓಡಿಹೋಗಿ ಹಗ್ಗ ಹಿಡಿದ.

"ಏನಂದಿ ಈಗ?"

ಅವಳು ಗಲ್ಲ ಮೇಲೆತ್ತಿ, "ಛೂ ಅಂದೆ" ಎಂದಳು.

"ಉಗುಳಿ ಹೇಳು."

ಉಗುಳಿದಳು. "ಹುಶ್ ಅಂದೆ. ಕೋಳಿಗೆ ಮತ್ತೇನು ಅಂತಾರ?"

ಹುಲಿಯಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ನಮ್ಮಪ್ಪ ಛೂ ಅಂದ್ರ ಇದು ಕಣದಾಗಿನ ಕೋಳಿ ಓಡಿಸ್ತಿತ್ತು. ನೀನು ದಿನಾ ಛೂ ಅಂತಿ, ಅದು ದಿನಾ ಕೆಲಸ ಮಾಡೈತೆ."

ಓಬವ್ವ ನಂಬಲಿಲ್ಲ. ಬಾಯಿ ಮುಕ್ಕಳಿಸಿ ಬಂದು, ಸ್ಪಷ್ಟವಾಗಿ "ಹುಶ್" ಎಂದಳು. ಕೋಳಿಗಳು ಮಂಕರಿಯ ಕಡೆ ಓಡಿದವು. ಕರಿಯ ಆಕಳಿಸಿ ಮಲಗಿತು. ಸದ್ಯ, ಬಸ್ಸು ಹತ್ತಿಸಿರಲಿಲ್ಲ. ಅವಳಿಗೆ ಹೋದ ಜೀವ ಬಂದಂತಾಯಿತು. ಬಗ್ಗಿ ತಾನೇ ಅದರ ಕೊರಳಿನ ಹಗ್ಗ ಬಿಚ್ಚಿದಳು. ಆಮೇಲೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಈ ಮನಿಯಾಗ ನಾನು ಹೇಳಿದ್ದು ಕೇಳೋದು ಇದೊಂದ. ಇದನ್ನ ಹೊಳೆ ದಾಟಿಸಾಕೆ ಹೊಂಟಿದ್ವಿ."