ಒಂದು ಹೆಚ್ಚಿನ ಕಾರ್ಡು

"ಮೊದ್ಲಿಂದ ಏಳಿ ಸ್ವಾಮಿ," ಎಂದ ಹೊನ್ನಯ್ಯ.

ಸಂಪತ್ ಕುಮಾರನಿಗೆ ಮೈಯೆಲ್ಲ ಉರಿಯಿತು. ಆಗಲೇ ಎರಡು ಸಲ ಹೇಳಿದ್ದಾಗಿತ್ತು. ಆಫೀಸಿಗೆ ಸೀನಿಯರ್ ಪ್ರೋಗ್ರಾಮರ್ ತಾನು. ಈ ಪಂಚೆಯ ಮುದುಕನ ಎದುರು ಗಿಡ್ಡ ಸ್ಟೂಲಿನ ಮೇಲೆ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಕೂತಿರಬೇಕೇ?

ಕಳಿಸಿದವರು ಮ್ಯಾನೇಜರ್ ಯೋಗಾನರಸಿಂಹ. ಮಂಡ್ಯದ ಅವರ ಆಫೀಸಿನ ಕಿರಿಯ ಪ್ರೋಗ್ರಾಮರುಗಳಿಗೆಲ್ಲ ಶಿವಪುರದ ಹೊನ್ನಯ್ಯನೇ ಗುರು. ಭಾನುವಾರ ಬಂತೆಂದರೆ ಮದ್ದೂರಿನ ಬಸ್ಸು ಹಿಡಿದು ಬಂದು, ಕೆಟ್ಟು ಕೂತ ಪ್ರೋಗ್ರಾಮನ್ನು ಅವನ ಮುಂದೆ ಹರಡಿ, ಮೊದಲಿಂದ ಕೊನೆಯವರೆಗೆ ಹೇಳಿ, ಸರಿಪಡಿಸಿಕೊಂಡು, ಫೀಸು ಕೊಟ್ಟು ಹೋಗುತ್ತಿದ್ದರು. ಕೂತಲ್ಲೇ ಒಳ್ಳೆಯ ಸಂಪಾದನೆ. "ಸರ್ವೀಸೆಲ್ಲ ಇದರಲ್ಲೇ ಸವೆಸಿದವರು ಕಣಯ್ಯ, ನೀನೂ ಹೋಗಿ ಬಾ," ಎಂದಿದ್ದರು ಮ್ಯಾನೇಜರು. ಎಲ್ಲರೆದುರು ಕಪಾಳಕ್ಕೆ ಬಿಗಿದ ಹಾಗಾಗಿತ್ತು ಸಂಪತ್‌ಗೆ.

ಆಗಿದ್ದಿಷ್ಟು. ಕಬ್ಬು ಬೆಳೆಗಾರರಿಗೆ ಎಷ್ಟು ಹಣ ಸಲ್ಲಬೇಕೆಂದು ಲೆಕ್ಕ ಹಾಕುವ ಪ್ರೋಗ್ರಾಂ ಬರೆದವನು ಸಂಪತ್. ಅದರ ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಕಾರ್ಡು. ಮೆಷಿನ್ ಮುಂದೆ ಕೂತು ಆ ಕಾರ್ಡುಗಳಿಗೆ ತೂತು ಹೊಡೆಯುವವಳು ಚೂಡಾಮಣಿ. ಕಾರ್ಡಿನ ಕಟ್ಟು ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿನ ಕಂಪ್ಯೂಟರಿನ ಹೊಟ್ಟೆ ಸೇರಬೇಕು. ಈ ಸಲ ಕಟ್ಟಿನಲ್ಲಿ ಒಂದು ಕಾರ್ಡು ಹೆಚ್ಚಿಗೆ ಇತ್ತು. ಸಾಗಣೆ ಕೂಲಿಯನ್ನು ಕಂಪ್ಯೂಟರು ಎಲ್ಲರ ಹಣದಲ್ಲೂ ಎರಡೆರಡು ಸಲ ಮುರಿದುಕೊಂಡಿತು. ಕೊಪ್ಪದ ರೈತರು ಆಫೀಸಿಗೆ ನುಗ್ಗಿ ಮ್ಯಾನೇಜರ ಕೊರಳಪಟ್ಟಿಗೇ ಕೈ ಹಾಕಿದರು.

ಅದು ಚೂಡಾಮಣಿಯ ಬೇಜವಾಬ್ದಾರಿ ಎಂದು ಸಂಪತ್ ದೂರು ಕೊಟ್ಟಿದ್ದ. ನಾಳೆ ಅವಳನ್ನು ಕೆಲಸದಿಂದ ತೆಗೆಯುವುದೆಂದು ಮಾತಾಗಿತ್ತು. ಮಗಳ ಸಂಬಳವನ್ನೇ ನಂಬಿದ್ದ ತಾಯಿ ತಿರುಮಲಮ್ಮ ಆಫೀಸಿಗೆ ಬಂದು ಅತ್ತು ಹೋಗಿದ್ದರು. ಮ್ಯಾನೇಜರ ಮನಸ್ಸು ಕರಗಿತು. ಗುರುಗಳು ಒಂದು ಸಲ ನೋಡಲಿ, ಆಮೇಲೆ ತೀರ್ಮಾನ ಎಂದುಬಿಟ್ಟರು. ಅತ್ತವರಿಗೆಲ್ಲ ಕರಗುತ್ತಾ ಕೂತರೆ ಆಫೀಸು ನಡೆದಂತೆಯೇ ಎಂದು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಬಂದಿದ್ದ ಸಂಪತ್.

"ನೀವು ನೋಡಬೇಕಾದ್ದು ಪ್ರೋಗ್ರಾಮನ್ನು, ನನ್ನ ಮುಖವನ್ನಲ್ಲ," ಎಂದು ಸಿಡುಕಿದ.

ಹೊನ್ನಯ್ಯ ತೊಡೆಯ ಮೇಲಿದ್ದ ಪ್ರೋಗ್ರಾಮಿನ ಹಾಳೆಯತ್ತ ಕಣ್ಣು ಹಾಯಿಸಿದ. ಹಾಳೆ ತಲೆಕೆಳಗಾಗಿತ್ತು. ನನ್ನನ್ನು ಕೆಣಕಲೆಂದೇ ಹೀಗೆ ಹಿಡಿದಿದ್ದಾನೆ, ಎಂಥಾ ಕೊಬ್ಬು, ಎಂದುಕೊಂಡ ಸಂಪತ್. ಗಂಟಲು ಒಣಗಿತ್ತು.

"ಕುಡಿಯೋಕೆ ನೀರಾದರೂ ಕೊಡಿಸಿ."

"ಕೊಡ್ಸಾನ. ಮೊದ್ಲು ಏಳಿ."

"ಇನ್ನೇನು ಹೇಳೋದು? ಚೂಡಾಮಣಿ ಕೊನೇ ಕಾರ್ಡು ಹೊಡೆದಳು. ಮೆಷಿನ್ ನಿಲ್ಲಿಸಿ ಮನೆಗೆ ಹೋದಳು. ಆಮೇಲೆ ನಾನು ಕಟ್ಟು ಕಟ್ಟಿದೆ. ಓಡಿಹೋಗಿ ಬಸ್ಸಿಗೆ ಹಾಕಿದೆ. ಮುಗೀತು. ತಪ್ಪು ಮಾಡಿದವಳು ಮನೇಲಿ ಹಾಯಾಗಿದ್ದಾಳೆ, ನಾನಿಲ್ಲಿ ಉಪವಾಸ ಬಿದ್ದಿದ್ದೀನಿ."

ಹೊನ್ನಯ್ಯ ಮೀಸೆ ಸವರಿಕೊಂಡ. ಕೋಪವಿಲ್ಲ, ಆತುರವಿಲ್ಲ. ಅದೇ ಸಂಪತ್‌ನ ಪಿತ್ತ ಕೆರಳಿಸಿತು. ಬೈದರೆ ತಿರುಗಿ ಬೈಯಬಹುದು. ಸುಮ್ಮನೆ ಕೂತವನನ್ನು ಏನು ಮಾಡುವುದು?

"ಬಸ್ ನಿಲ್ಲೋದು ನಿಮ್ಮಾಪೀಸ್ ಎದ್ರುಗೇ ಅಂದ್ರಿ. ಮತ್ಯಾಕ್ ಓಡುದ್ರಿ?"

"ಬಸ್ಸು ಹೊರಟುಬಿಟ್ಟಿತ್ತು ಕಣ್ರೀ! ಹಾರನ್ನು ಹೊಡೆದದ್ದು ನನಗೆ ಕೇಳಿಸಲೇ ಇಲ್ಲ, ಆ ಮೆಷಿನ್ ಸದ್ದಿಗೆ..."

ಸಂಪತ್ ನಾಲಿಗೆ ಕಚ್ಚಿಕೊಂಡ.

"ಮಿಸಿನ್ನು ನಿಲ್ಸುಬುಟ್ಟು ಓದ್ಲು ಅಂದ್ರಿ," ಎಂದ ಹೊನ್ನಯ್ಯ ಮೆಲ್ಲಗೆ. "ಮೂರ್ ಸಲೀನೂ ಅದ್ನೇ ಅಂದ್ರಿ."

ಸಂಪತ್ ಎದ್ದ ರಭಸಕ್ಕೆ ಸ್ಟೂಲು ಉರುಳಿತು. "ಹೌದು, ನಾನೇ ಹೊಡೆದೆ! ಸಾಗಣೆ ಕೂಲಿಯ ಕಾರ್ಡು ಬಿಟ್ಟುಹೋಗಿದೆ ಅಂದುಕೊಂಡೆ. ಅವಳು ಹೋಗಿಬಿಟ್ಟಿದ್ದಳು. ನಾನೇ ಕೂತು ಒಂದು ಹೊಡೆದು ಸೇರಿಸಿದೆ. ಏನೀಗ? ಸೀನಿಯರ್ ಆದವನು ರೈತರ ಮುಂದೆ, ಮ್ಯಾನೇಜರ್ ಮುಂದೆ, ನಂದೇ ತಪ್ಪು ಅಂತ ಕೈಕಟ್ಟಿ ನಿಲ್ಲಬೇಕಿತ್ತೇ?"

ಕೂಗಿದ ಸದ್ದಿಗೆ ಜಗಲಿಯ ಕೆಳಗೆ ಮಲಗಿದ್ದ ನಾಯಿ ಎದ್ದು ಹೋಯಿತು. ಹೊನ್ನಯ್ಯ ಕೂತಲ್ಲೇ ಕೂತಿದ್ದ. ಸಂಪತ್‌ಗೆ ಅವನ ಮೇಲೆ ಕೋಪ, ಮ್ಯಾನೇಜರ ಮೇಲೆ ಕೋಪ, ಬಾಯ್ಬಿಟ್ಟ ತನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಕೋಪ. ಆ ಕೋಪದ ಅಡಿಯಲ್ಲೇ ತಿರುಮಲಮ್ಮನ ಅಳು ಕೇಳಿಸಿತು. ಇಷ್ಟು ದಿನ ಅದನ್ನು ಕೇಳಿಸಿಕೊಳ್ಳದೆ ಇದ್ದದ್ದಕ್ಕೆ ನಾಚಿಕೆಯಾಯಿತು.

"ನಾಳೆ ಇದ್ನೇ ಅಲ್ಲೂ ಏಳ್ಬೇಕು," ಎಂದ ಹೊನ್ನಯ್ಯ.

"ಹೇಳ್ತೀನಿ," ಎಂದ ಸಂಪತ್, ನೆಲ ನೋಡುತ್ತ. "ಚೂಡಾಮಣಿ ಎದುರಿಗೇ ಹೇಳ್ತೀನಿ."

"ದ್ಯಾವೀ, ಸ್ವಾಮ್ಯೋರ್ಗೆ ನೀರ್ ತಕಬಾಮ್ಮಿ."

ಹೊನ್ನಯ್ಯನ ಹೆಂಡತಿ ದೇವಿರಮ್ಮ ಬೆಲ್ಲ, ನೀರು ತಂದಿಟ್ಟಳು. ಸಂಪತ್ ಗಟಗಟ ಕುಡಿದ. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ಆದರೂ ಮುದುಕನ ಜಾಣತನ ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ.

"ಹಾಳೆ ಸರಿಯಾಗಿ ನೋಡದೇ ತಪ್ಪು ಹಿಡಿದುಬಿಟ್ಟಿರಿ. ಬೆಂಗಳೂರಲ್ಲಿ ಯಾವ ಕಂಪ್ಯೂಟರ್ ಮೇಲೆ ಕೆಲಸ ಮಾಡಿದ್ದು ನೀವು?"

ದೇವಿರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಕಂಪೂಟ್ರಾ? ಅದ್ರ ಮಕಾನೇ ಕಂಡಿಲ್ಲ ಸ್ವಾಮಿ ಇವ್ರು. ರಿಟೈರಾಗೋಗಂಟ ಪೋಲೀಸ್ ಟೇಸನ್ನಲ್ಲಿ ಕಳ್ರ ಬಾಯಿ ಬುಡುಸ್ತಿದ್ರು."