ಉಳಿದ ಮೂರು ದಿನ

ಊಟವನ್ನೇ ದೂರ ಮಾಡುವ ಕಾಯಿಲೆಯನ್ನು ಪತ್ತೆಹಚ್ಚುವ ಆ ಪ್ರಶ್ನೆಪಟ್ಟಿ ಹೊರದೇಶದ್ದು. ಅದನ್ನು ಕನ್ನಡಕ್ಕೆ ತಂದವರು ಡಾಕ್ಟರಮ್ಮನೇ, ಹಾಗಾಗಿ ಅದರ ಮೇಲೆ ಅವರಿಗೆ ಸ್ವಲ್ಪ ಹೆಚ್ಚೇ ನಂಬಿಕೆ. ಎದುರಿಗೆ ಕೂತ ಹುಡುಗಿಗೆ ಹತ್ತೊಂಬತ್ತು ವರ್ಷ, ತೂಕ ಮೂವತ್ತೊಂದು ಕಿಲೋ. ಕೈ ಎತ್ತಿದರೆ ಬಳೆ ಮೊಣಕೈ ತನಕ ಜಾರುತ್ತಿತ್ತು.

"ತೆಳ್ಳಗಾಗಬೇಕು ಅಂತ ಊಟ ಬಿಡ್ತೀಯಾ?"

"ಇಲ್ಲ ಮೇಡಂ."

"ದಪ್ಪ ಆಗ್ತೀನಿ ಅಂತ ಭಯ ಇದೆಯಾ?"

"ಇಲ್ಲ."

ಮೂವತ್ತು ಪ್ರಶ್ನೆ ಮುಗಿದವು. ಅಂಕ ಸೊನ್ನೆ. ಪಟ್ಟಿಯ ಪ್ರಕಾರ ಹುಡುಗಿಗೆ ಏನೂ ಆಗಿರಲಿಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಮತ್ತೆ ಯಾಕಮ್ಮ ಉಣ್ಣಲ್ಲ?"

"ವ್ರತ ಮೇಡಂ. ಸೋಮವಾರ ಈಶ್ವರಂದು, ಗುರುವಾರ ರಾಯರದು, ಶುಕ್ರವಾರ ಲಕ್ಷ್ಮೀದು, ಶನಿವಾರ ಹನುಮಪ್ಪಂದು."

ಪಕ್ಕದಲ್ಲಿದ್ದ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ದೇವರ ವಿಷಯ ಮೇಡಂ. ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ."

"ಹೋಗಲಿ, ಉಳಿದ ಮೂರು ದಿನವಾದರೂ ಹೊಟ್ಟೆ ತುಂಬ ಉಣ್ಣಬಹುದಲ್ಲ?"

ಹುಡುಗಿ ತಾಯಿಯ ಮುಖ ನೋಡಿದಳು.

"ಆ ಮೂರು ದಿನ ಅಮ್ಮನ ಉಪವಾಸ. ನಾನು ಉಣ್ಣೋ ಹಾಗಾಗಲಿ ಅಂತ ಹರಕೆ ಹೊತ್ತಿದ್ದಾಳೆ. ಅವಳು ಹಸಿದು ಕೂತಿರುವಾಗ ನನ್ನ ಗಂಟಲಲ್ಲಿ ತುತ್ತು ಹೇಗೆ ಇಳಿಯುತ್ತೆ ಮೇಡಂ?"