ಟಿವಿಯೊಳಗೆ ನಿಂತ ಮದುವೆ

ಚಂದ್ರಾಮಪ್ಪ ಅರಿಶಿನ ಕೊಂಬು ಕಟ್ಟಿದ ದಾರ ಹಿಡಿದು ಟಿವಿಯ ಮುಂದೆ ನಿಂತಾಗ, ಪರದೆಯ ಮೇಲೆ ಮೀಸೆಯ ಅಧಿಕಾರಿಯೊಬ್ಬರು ತೊಗರಿಗೆ ಬೀಳುವ ಹುಳದ ಬಗ್ಗೆ ಮಾತಾಡುತ್ತಿದ್ದರು.

“ಕಟ್ಟಲೇನ್ರಿ ಆಯಿ?”

“ತಡಿ, ಆ ಮೀಸಿಯಾಂವ ಹೋಗ್ಲಿ,” ಎಂದಳು ಗೊಲ್ಲಾಳಮ್ಮ.

“ಅಂವ ಹುಳ ಸಾಯೂತನ ಹೋಗಾಂವಲ್ರಿ. ಮುಹೂರ್ತ ಮೀರ್ತದ.”

ಸಗರ ಊರಿನ ಆ ಓಣಿಗೆಲ್ಲ ಗೊಲ್ಲಾಳಮ್ಮನದು ಒಂದೇ ಟಿವಿ. ಅದರಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ‘ಫಕೀರಪ್ಪನ ಫಜೀತಿ’ ಎಂಬ ನಗೆ ಧಾರಾವಾಹಿ, ಫಕೀರಪ್ಪ ತಾಳಿ ಹಿಡಿದು ಎರಡೂ ಕೈ ಎತ್ತಿದ ಗಳಿಗೆಯಲ್ಲೇ ನಿಂತುಬಿಟ್ಟಿತ್ತು. ಉಳಿದದ್ದು ಮುಂದಿನ ಸರಣಿಯಲ್ಲಿ ಎಂದು ಅಕ್ಷರ ಬಂತು, ಅಷ್ಟೇ. ಆಮೇಲೆ ಕಾಲುವೆಗೆ ಎರಡು ವರ್ಷದ ನೀರು ಬಂದು ಹೋಯಿತು, ಫಕೀರಪ್ಪನ ಕೈ ಕೆಳಗಿಳಿಯಲಿಲ್ಲ. ಗೊಲ್ಲಾಳಮ್ಮನ ಮನೆತನದಲ್ಲಿ ಒಂದು ಹೊಸ್ತಿಲೊಳಗೆ ಶುರುವಾದ ಮದುವೆ ಮುಗಿಯದೆ ಇನ್ನೊಂದಕ್ಕೆ ಹಂದರ ಹಾಕುವಂತಿಲ್ಲ. ಟಿವಿ ಹೊಸ್ತಿಲೊಳಗೇ ಇತ್ತಲ್ಲ! ಹೀಗಾಗಿ ಅವಳ ಮೊಮ್ಮಗಳು ಮೋನಮ್ಮನಿಗೂ ಚಂದ್ರಾಮಪ್ಪನಿಗೂ ಗೊತ್ತಾಗಿದ್ದ ಮದುವೆ ಎರಡು ವರ್ಷದಿಂದ ಫಕೀರಪ್ಪನ ಹಿಂದೆ ಪಾಳಿ ಹಚ್ಚಿ ನಿಂತಿತ್ತು.

ಚಂದ್ರಾಮಪ್ಪ ಕಾಲುವೆಯ ಗೇಟು ಎತ್ತುವವ. “ನೀರು ಬಿಡಾಂವ ನೀನು. ಇದಕ್ಕೂ ಮ್ಯಾಲೆಲ್ಲೋ ಗೇಟ್ ಇರ್ತದ, ಎತ್ತಿ ಬಾ,” ಎಂದು ಮುದುಕಿ ಅವನನ್ನು ಒಮ್ಮೆ ಕಲಬುರಗಿಗೂ ಅಟ್ಟಿದ್ದಳು. ಅಲ್ಲಿ ಟಿವಿಯವರ ಮುಗಿಲೆತ್ತರದ ಕಂಬವನ್ನು ಕುತ್ತಿಗೆ ನೋಯುವವರೆಗೆ ನೋಡಿ, ಗೇಟು ಕಾಣದೆ ತಿರುಗಿ ಬಂದಿದ್ದ. ಈಗ ಅವನ ಅವ್ವ ಗಡುವು ಕೊಟ್ಟಿದ್ದಳು. ಹುಣ್ಣಿಮೆಯೊಳಗೆ ಇವರು ದಿನ ಗೊತ್ತು ಮಾಡದಿದ್ದರೆ ವಡಗೇರಾದ ಹುಡುಗಿಯೇ ಖಾಯಂ. ಹುಣ್ಣಿಮೆ ನಾಳೆಯೇ ಇತ್ತು. ಅದಕ್ಕೇ ಅವನು ಈ ಉಪಾಯ ಹೂಡಿದ್ದ: ಫಕೀರಪ್ಪನ ಬದಲು ತಾನೇ ತಾಳಿ ಕಟ್ಟಿ, ಅರ್ಧಕ್ಕೆ ನಿಂತ ಮದುವೆ ಮುಗಿಸಿಬಿಡುವುದು. ಮುದುಕಿ ಒಂದು ರಾತ್ರಿಯೆಲ್ಲ ಯೋಚಿಸಿ ಒಪ್ಪಿದ್ದಳು.

ಟಿವಿಗೆ ಕೊರಳಿರಲಿಲ್ಲ. ಚಂದ್ರಾಮಪ್ಪ ದಾರವನ್ನು ಡಬ್ಬಿಯ ಸುತ್ತಲೂ ತಂದು, ನೆತ್ತಿಯ ಮೇಲೆ ಮೂರು ಗಂಟು ಹಾಕಿದ. ಹೆಂಗಸರು ಸೋಬಾನೆ ಎತ್ತಿದರು. ಬಾಗಿಲ ಮರೆಯಲ್ಲಿ ಮೋನಮ್ಮ ಸೆರಗು ಬಾಯಿಗಿಟ್ಟುಕೊಂಡು ನಗೆಗೆ ಅಲುಗಾಡುತ್ತಿದ್ದಳು. ಅಕ್ಕಿಕಾಳು ಮೀಸೆಯ ಮೇಲೂ ಬಿದ್ದವು. ಅಧಿಕಾರಿಗಳು ಗಂಭೀರವಾಗಿಯೇ ಬೇವಿನ ಎಣ್ಣೆ ಸಿಂಪಡಿಸಲು ಹೇಳಿ, ಕೈ ಮುಗಿದು ಹೋದರು.

“ಮುಗೀತ್ರಿ ಆಯಿ. ಇನ್ನ ನಮ್ದು ಯಾವಾಗ?” ಎಂದ ಚಂದ್ರಾಮಪ್ಪ.

“ನಿನ್ದ? ನಿನ್ದು ಈಗ ಆತಲ್ಲ.”

“ಆಯಿ, ಅದು ಫಕೀರಪ್ಪನ ಪರವಾಗಿ…”

“ಪರವಾಗಿ ಸಹಿ ಮಾಡ್ತಾರ. ತಾಳಿ ಕಟ್ತಾರೇನಲೇ? ಗಂಟು ಹಾಕಿದ್ದು ನಿನ್ನ ಕೈ. ಓಣಿ ಮಂದಿ ಎಲ್ಲಾ ನೋಡ್ಯಾರ. ಲಗ್ನ ಆದ ಗಂಡಸಿಗಿ ನನ್ನ ಮೊಮ್ಮಗಳ್ನ ಎರಡನೇ ಸಂಬಂಧ ಕೊಡಂಗಿಲ್ಲ.”

“ಖರೇ ಮಾತು,” ಎಂದಳು ನೆರೆಮನೆಯ ಚಮನಬೀ. “ನಾನೂ ಅಕ್ಕಿಕಾಳು ಹಾಕೀನಿ. ಇಲ್ಲಂದ್ರ ಹ್ಯಾಂಗ?”

ಚಂದ್ರಾಮಪ್ಪ ತನ್ನ ಪಾಳಿಯಲ್ಲೇ ಕಾಲುವೆ ಒಡೆದವನಂತೆ ನಿಂತ. ಆಗ ಮೋನಮ್ಮ ಬಾಯಿಂದ ಸೆರಗು ತೆಗೆದಳು.

“ಮತ್ತ್ಯಾಕ ನಿಂತೀರಿ? ಕಟ್ಕೊಂಡಾಕಿನ್ನ ತವರಮನ್ಯಾಗ ಬಿಟ್ಟು ಹೋಗ್ತೀರೇನು? ಮನೀಗಿ ಕರ್ಕೊಂಡು ನಡೀರಿ.”

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದದ್ದೇ ತಡ, ವೈರು ಕಿತ್ತ, ಟಿವಿಯನ್ನು ತಬ್ಬಿ ಎತ್ತಿದ, ಬಾಗಿಲ ಕಡೆ ನಡೆದ. ಹೆಂಗಸರು ಸುಮ್ಮನಿರುವವರೇ? ಹೆಣ್ಣು ಕಳಿಸುವ ಹಾಡು ಶುರು ಹಚ್ಚಿದರು. ಚಮನಬೀ ಕಣ್ಣೊರೆಸಿಕೊಂಡಳು.

ಗೊಲ್ಲಾಳಮ್ಮ ಓಡಿ ಹೋಗಿ ಹೊಸ್ತಿಲಲ್ಲಿ ಎರಡೂ ಕೈ ಚಾಚಿ ನಿಂತಳು. “ಇಳಸು!”

“ನನ್ನ ಹೇಣ್ತಿರಿ ಆಯಿ. ಹಾದಿ ಬಿಡ್ರಿ.”

“ಇಳಸೋ ನಮ್ಮಪ್ಪಾ! ದಾರ ಬಿಚ್ಚು. ಈಕಿನ್ನ ಬಿಟ್ಟೀನಿ ಅಂತ ಸೋಡಚೀಟಿ ಬರಕೊಡು. ನಾಳೀಗೇ ಹಂದರ ಹಾಕಸ್ತೀನಿ, ಮೋನಮ್ಮನ್ನ ಕರ್ಕೊಂಡು ಹೋಗು!”

ಓಣಿಗೆ ಓಣಿಯೇ ಹೋ ಎಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಮೋನಮ್ಮ ಮಾತ್ರ ಒಮ್ಮೆಲೇ ನಗು ನಿಲ್ಲಿಸಿ ಮುದುಕಿಯ ಕಡೆ ತಿರುಗಿದಳು.

“ಎರಡ್ ವರ್ಷ ಸತಾಯಿಸಿದಾಕಿ, ಈಗ ಇಷ್ಟ ಜಲ್ದಿ ನನ್ನ ಕೊಟ್ಟಿಯಲ್ಲ ಆಯಿ?”

ಗೊಲ್ಲಾಳಮ್ಮ ಆಗಲೇ ಅಲ್ಲೇ ಕೂತು, ಟಿವಿಯನ್ನು ತೊಡೆಯ ಮೇಲೆ ಇಳಿಸಿಕೊಂಡು, ಗಾಜಿಗೆ ಅಂಟಿದ ಅರಿಶಿನವನ್ನು ಸೆರಗಿನಿಂದ ಒರೆಸುತ್ತಿದ್ದಳು.

“ಏ ಹುಚ್ಚಿ,” ಎಂದಳು ತಲೆ ಎತ್ತದೆ, “ನಿನಗ ಕಾಲ ಅದಾವ, ಹಬ್ಬಕ್ಕರ ತಿರುಗಿ ಬರ್ತಿ. ಇದಕ್ಕ ಎಲ್ಲಿ ಅದಾವ ಕಾಲ?”